ಚೀಟಿ

ಹದಿನಾಲ್ಕು ವರ್ಷ ನಾನು ಪರದೆಯ ಹಿಂದಿನ ಬಾಯಿ.
ಗುದೈಬಿಯಾದ ಬಾಡಿಗೆ ಸಭಾಂಗಣದಲ್ಲಿ, ಸೋರುವ ಏಸಿಯ ಕೆಳಗೆ,
ಮೊಬೈಲಿನ ಬೆಳಕನ್ನು ಬೊಗಸೆಯಲ್ಲಿ ಮುಚ್ಚಿಕೊಂಡು
ಮರೆತವರಿಗೆ ಮಾತು ಎಟುಕಿಸುವವಳು.
ಹಗಲು ಲಾಂಡ್ರಿಯ ಕೌಂಟರು: ಯಾರ ಅಂಗಿ, ಎಷ್ಟು ಫಿಲ್ಸು.
ರಾತ್ರಿ, ಯಾರ ಮಾತು.

ನಾಟಕ ಹಳೆಯದು, ಅಜ್ಜಂದಿರೂ ನಕ್ಕದ್ದು.
ಸಾಹುಕಾರನೊಬ್ಬ ಕುರುಡನಾದಂತೆ ನಟಿಸುತ್ತಾನೆ,
ಯಾರು ಕದಿಯುತ್ತಾರೆ ನೋಡೋಣವೆಂದು.
ಎಲ್ಲರೂ ಕದಿಯುತ್ತಾರೆ.
ಅಳಿಯ ಬೆಳ್ಳಿ ಲೋಟ, ವೈದ್ಯ ಶಾಲು,
ತಂಗಿ, ಪಾಪ, ಹಾಲಿನ ಕೆನೆ ಅಷ್ಟೇ.
ಕಣ್ಣೆದುರೇ ಹೋಗುತ್ತಿದ್ದರೂ ಕಣ್ಣಿಲ್ಲದವನು
ಕೂಗುವ ಹಾಗಿಲ್ಲ. ಜನಕ್ಕೆ ಅದೇ ಮಜಾ.
ಆಳು ಕೆಂಚನಂತೂ ಬೆರಳಿನಿಂದಲೇ ಉಂಗುರ ಕಳಚುತ್ತಾನೆ,
"ಊದಿಕೊಂಡಿದೆ ಧಣಿ, ಎಣ್ಣೆ ಹಚ್ಚಲೇ?" ಎನ್ನುತ್ತ.

ಆ ಕೆಂಚ ನಮ್ಮ ವಾಮನ ಸಾಲಿಯಾನ್.
ಏನು ನಗಿಸುತ್ತಿದ್ದ ಪುಣ್ಯಾತ್ಮ!
ಅವನ ಕೈಯಲ್ಲೇ ನಮ್ಮ ಚೀಟಿ,
ತಿಂಗಳಿಗೆ ಮೂವತ್ತು ದಿನಾರು, ಇಪ್ಪತ್ತು ಪಾಲು.
ಸಿತ್ರಾ ಕ್ಯಾಂಪಿನ ಮೌಲಾಸಾಬ, ಆಸ್ಪತ್ರೆಯ ಆಯಾ ಫ್ಲೋರಿನ್,
ಮತ್ತು ನಾನು, ಎರಡು ಪಾಲಿನವಳು.
ಅವಸರವಿದ್ದವರು ಕಡಿಮೆಗೆ ಕೂಗಿ ಎತ್ತಿಕೊಂಡರೆ
ಅವರು ಬಿಟ್ಟದ್ದು ಉಳಿದವರಿಗೆ ಹಂಚಿಕೆ.
ಫ್ಲೋರಿನ್ ತಾಯಿಯ ಆಪರೇಷನ್ನಿಗೆಂದು ಎತ್ತಿದ ತಿಂಗಳು
ನನಗೆ ಹದಿನಾಲ್ಕು ದಿನಾರು ಬಂತು.
ಸುಳ್ಳೇಕೆ, ಅತ್ತರು ಕೊಂಡೆ.

ನಾಟಕಕ್ಕೆ ಒಂದು ವಾರವಿರುವಾಗ ಅವನ ಫೋನು ಸತ್ತಿತು.
ಕೋಣೆಯಲ್ಲಿ ಒಂದು ಜೊತೆ ಚಪ್ಪಲಿ, ಅರ್ಧ ತಿಂದ ಖುಬ್ಬೂಸು,
ಮೊಳೆಗೆ ತೂಗುಬಿಟ್ಟ ಕೆಂಚನ ಕೆಂಪು ರುಮಾಲು.
ವಿಮಾನವೋ, ಸೇತುವೆ ದಾಟಿ ಸೌದಿಯೋ, ಯಾರಿಗೆ ಗೊತ್ತು.

ಅವನ ಮಾತು ಪೂರ್ತಿ ಬರುತ್ತಿದ್ದುದು ನನಗೊಬ್ಬಳಿಗೆ.
ಲೋಬೋ ಮಾಸ್ತರರು ರುಮಾಲು ತಂದು ನನ್ನ ತಲೆಗೆ ಸುತ್ತಿದರು.
ಅದರಲ್ಲಿನ್ನೂ ಅವನ ಬೆವರು, ನೀಲಗಿರಿ ಎಣ್ಣೆ.

ಶುಕ್ರವಾರ ಸಂಜೆ
ನೂರು ಸಲ ಪಿಸುಗುಟ್ಟಿದ್ದ ಮಾತು ಗಂಟಲು ತುಂಬ ಹೊರಟಿತು.
ಜನ ನಕ್ಕರು.
ಅಯ್ಯೋ, ಆ ನಗು!
ಚಳಿ ಹಿಡಿದ ಮೈಗೆ ಹಂಡೆಯ ಬಿಸಿನೀರು ಸುರಿದ ಹಾಗೆ.
ಇನ್ನೊಂದು ಕದಿ, ಇನ್ನಷ್ಟು ನಗುತ್ತೇವೆ ಎನ್ನುವ ನಗು.
ಪುಸ್ತಕದಲ್ಲಿಲ್ಲದ ಚಮಚೆಯೊಂದನ್ನೂ ಸೊಂಟಕ್ಕೆ ಸಿಕ್ಕಿಸಿದೆ.
ಮೂರನೆಯ ಸಾಲಿನಲ್ಲಿ ಮೌಲಾಸಾಬ,
ಹದಿನೇಳು ಕಂತು ಕಟ್ಟಿದವನು, ತೊಡೆ ತಟ್ಟಿ ನಗುತ್ತಿದ್ದ.
ಇದನ್ನು ಬಿಟ್ಟು ಹೇಗೆ ಓಡಿದನೋ ವಾಮನ,
ಬರಿಗಾಲಲ್ಲಿ, ಯಾರನ್ನೂ ನಗಿಸುವಂತಿಲ್ಲದ ಊರಿಗೆ.

ಆಮೇಲೆ ಉಂಗುರ.
ಮಾಸ್ತರರ ಕೈ ಹಿಡಿದೆ. ನಿಜಕ್ಕೂ ಊದಿತ್ತು, ಸಕ್ಕರೆ ಕಾಯಿಲೆ.
ನನ್ನ ಭುಜದಾಚೆ ಎಲ್ಲೋ ನೆಟ್ಟ ಕುರುಡು ನೋಟ,
ಅದರ ಅಂಚಿನಲ್ಲಿ ನೀರು.
ಪಾತ್ರದ್ದೋ? ಅವರದೂ ಒಂದು ಚೀಟಿ ಇತ್ತು.
ಜಿಪುಣ ಜಿಪುಣ ಎಂದು ಇಷ್ಟು ವರ್ಷ ನಕ್ಕೆವಲ್ಲ,
ಒಬ್ಬನಾದರೂ ಕದಿಯದೆ ಹೋಗಲಿ ಎಂದು
ಕಣ್ಣು ಬಿಟ್ಟುಕೊಂಡು ಕತ್ತಲಲ್ಲಿ ಕೂತ ಮುದುಕನಿಗೆ.

ನನಗೆ ಮಾತು ಮರೆತುಹೋಯಿತು.
ಅಭ್ಯಾಸಬಲ, ಪರದೆಯತ್ತ ತಿರುಗಿದೆ.
ಅಲ್ಲಿ ಖಾಲಿ ಸ್ಟೂಲು, ನನ್ನ ನೀರಿನ ಬಾಟಲಿ.

ಏಸಿ ಗೊರಗುಟ್ಟಿತು. ಇದೂ ತಮಾಷೆಯೇ ಎಂದು ಜನ ಕಾದರು.
ಆಗ ಸಾಹುಕಾರ, ತುಟಿ ಅಲುಗದಂತೆ,
ತನ್ನನ್ನು ದೋಚುವ ಮಾತನ್ನು ತಾನೇ
ನನ್ನ ಕಿವಿಗೆ ಹಾಕಿದ:
"ಊದಿಕೊಂಡಿದೆ ಧಣಿ..."

ಎಣ್ಣೆ ಹಚ್ಚಲೇ, ಎಂದೆ.